ಮೈಸೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ಯಾವ ದಾರಿಯ ವಿಮಾನ ಯಾರಿಗೆ ಹೊಂದುತ್ತದೆ?

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಕೆಲಸದಲ್ಲಿರುವ ಮಗನ ಅಥವಾ ಮಗಳ ಮನೆಗೆ ಮೈಸೂರಿನಿಂದಲೋ ಮಂಡ್ಯದಿಂದಲೋ ಹೊರಡುವ ತಂದೆತಾಯಿಯರು, ಅಲ್ಲಿ ಓದಲು ಹೋಗುವ ವಿದ್ಯಾರ್ಥಿಗಳು, ಕಚೇರಿಯ ಕೆಲಸಕ್ಕೆ ಹೋಗಿ ಬರುವವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ದೆಹಲಿಯ ಮೇಲೆ ಹೋಗಬೇಕೇ, ದುಬೈ ಮೇಲೆಯೇ, ಫ್ರಾಂಕ್‌ಫರ್ಟ್ ಮೇಲೆಯೇ, ಇಲ್ಲವೇ ಟೋಕಿಯೊ ಮೇಲೆಯೇ? ಟಿಕೆಟ್ ಹುಡುಕುವ ತಾಣಗಳಲ್ಲಿ ಹತ್ತಾರು ಸಾಲುಗಳು ಕಾಣುತ್ತವೆ. ಅವುಗಳಲ್ಲಿ ದರ ಕಣ್ಣಿಗೆ ಮೊದಲು ಬೀಳುತ್ತದೆ, ಉಳಿದದ್ದು ಸಣ್ಣ ಅಕ್ಷರಗಳಲ್ಲಿ ಉಳಿಯುತ್ತದೆ. ಆಯ್ಕೆಯನ್ನು ದರದಿಂದ ಆರಂಭಿಸುವುದಕ್ಕಿಂತ, ಪ್ರಯಾಣಿಕರು ಯಾರು ಎಂಬುದರಿಂದ ಆರಂಭಿಸುವುದು ಸರಿಯೆಂದು ನಾನು ದೃಢವಾಗಿ ನಂಬಿದ್ದೇನೆ. ಒಂದೇ ದಾರಿ ಇಪ್ಪತ್ತೆರಡರ ಹುಡುಗನಿಗೆ ಅಗ್ಗವಾಗಿ ಕಂಡು, ಎಪ್ಪತ್ತರ ಅಜ್ಜಿಗೆ ಎರಡು ವಾರದ ಆಯಾಸವನ್ನು ತಂದಿಡಬಹುದು.

ಆದ್ದರಿಂದ ಮೊದಲು ಅಳೆಯುವ ಮಾನದಂಡಗಳನ್ನು ನಿಗದಿಪಡಿಸಿಕೊಳ್ಳೋಣ. ವಿಮಾನದ ಗಂಟೆಗಳನ್ನಷ್ಟೇ ಲೆಕ್ಕ ಹಾಕದೆ, ಮೈಸೂರಿನ ಮನೆಯ ಬಾಗಿಲಿನಿಂದ ಅಲ್ಲಿಯ ಮನೆಯ ಬಾಗಿಲಿನವರೆಗೆ ಎಷ್ಟು ಹೊತ್ತು ಎಂಬುದನ್ನು ನೋಡಬೇಕು. ಒಂದೇ ಸಮನೆ ಕುಳಿತಿರಬೇಕಾದ ಅತಿ ಉದ್ದದ ಹಾರಾಟ ಎಷ್ಟು ಗಂಟೆಯದು ಎಂಬುದು ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಒಟ್ಟು ಸಮಯಕ್ಕಿಂತ ಮುಖ್ಯವಾಗುತ್ತದೆ. ಎಷ್ಟು ಕಡೆ ವಿಮಾನ ಬದಲಿಸಬೇಕು, ಬದಲಿಸುವಾಗ ಅಲ್ಲಿ ಲಗೇಜು ಎತ್ತಬೇಕೇ, ಇಮಿಗ್ರೇಷನ್ ದಾಟಬೇಕೇ ಎಂಬುದು ಮೂರನೆಯದು. ಊರಿನಿಂದ ಹೊರಡುವ ಹೊತ್ತು, ಟಿಕೆಟಿನ ದರ, ನಡುವೆ ಒಂದು ವಿಮಾನ ತಪ್ಪಿದರೆ ಹೊಣೆ ಯಾರದು ಎಂಬುದು ಉಳಿದವು.

ದೂರದ ಲೆಕ್ಕ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಭೂಮಿಯ ಮೇಲ್ಮೈಯಲ್ಲಿ ಅತಿ ಹತ್ತಿರದ ದಾರಿ ಹಿಡಿದರೆ ಸುಮಾರು 14,000 ಕಿ.ಮೀ. ಆಗುತ್ತದೆ. ಗೋಡೆಯ ನಕ್ಷೆಯನ್ನು ನೋಡಿದವರಿಗೆ ಈ ದಾರಿ ಪೂರ್ವಕ್ಕೋ ಪಶ್ಚಿಮಕ್ಕೋ ಹೋಗಬೇಕೆನಿಸುತ್ತದೆ. ಆದರೆ ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ, ಅದು ಬಹುತೇಕ ನೇರ ಉತ್ತರಕ್ಕೆ ಹೊರಟು, ಧ್ರುವಪ್ರದೇಶದ ಸಮೀಪ ಹಾದು, ಆ ಕಡೆಯಿಂದ ಕೆಳಗಿಳಿಯುತ್ತದೆ. ಈ ಎರಡು ಊರುಗಳು ಭೂಗೋಳದಲ್ಲಿ ಒಂದಕ್ಕೊಂದು ಹೆಚ್ಚುಕಡಿಮೆ ಆಚೆ ಬದಿಯಲ್ಲಿರುವುದರಿಂದಲೇ ಪೂರ್ವದ ದಾರಿ, ಪಶ್ಚಿಮದ ದಾರಿ ಎರಡೂ ಮಾರಾಟದಲ್ಲಿವೆ.

ಈಗ ನಡುವಿನ ನಿಲ್ದಾಣಗಳನ್ನು ಸೇರಿಸಿ ಅಳೆದರೆ ಕುತೂಹಲದ ಸಂಗತಿಯೊಂದು ಹೊರಬೀಳುತ್ತದೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 12,400 ಕಿ.ಮೀ.; ಒಟ್ಟು 14,100. ಅಂದರೆ ದೆಹಲಿ ಬಹುಮಟ್ಟಿಗೆ ಆ ದಾರದ ಮೇಲೆಯೇ ಇದೆ, ಅಲ್ಲಿ ಇಳಿದು ಹತ್ತಿದರೆ ದೂರ ನೂರು ಕಿಲೋಮೀಟರಿನಷ್ಟು ಮಾತ್ರ ಹೆಚ್ಚುತ್ತದೆ. ಟೋಕಿಯೊದ ನರಿಟಾ ಮೂಲಕ ಹೋದರೆ 6,700 ಮತ್ತು 8,200 ಸೇರಿ 14,900; ಹಾಂಗ್‌ಕಾಂಗ್ ಮೂಲಕ ಸುಮಾರು 15,000; ದುಬೈ ಮೂಲಕ 2,700 ಮತ್ತು 13,000 ಸೇರಿ 15,700. ಫ್ರಾಂಕ್‌ಫರ್ಟ್, ಲಂಡನ್, ಸಿಂಗಪುರ ಮೂರೂ 16,500ರಿಂದ 16,800ರ ನಡುವೆ ನಿಲ್ಲುತ್ತವೆ. ಯುರೋಪ್ ಹತ್ತಿರದ ದಾರಿ, ಜಪಾನ್ ಸುತ್ತುದಾರಿ ಎಂಬ ನಮ್ಮಲ್ಲಿನ ವಾಡಿಕೆಯ ನಂಬಿಕೆ ಈ ಒಂದು ಪ್ರಯಾಣದ ಮಟ್ಟಿಗೆ ತಿರುವುಮುರುವಾಗಿದೆ.

ದೂರ ಬೇರೆ, ಹೊತ್ತು ಬೇರೆ

ಆದರೂ ಕಿಲೋಮೀಟರುಗಳನ್ನು ನೋಡಿ ತೀರ್ಮಾನಿಸುವುದು ತಪ್ಪಾಗುತ್ತದೆ. ದೊಡ್ಡ ವಿಮಾನಗಳು ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತವೆ; ಆದರೆ ಅವು ಹಾರುವ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿಯ ಪ್ರವಾಹವಿರುತ್ತದೆ, ಇದನ್ನೇ ಜೆಟ್ ಸ್ಟ್ರೀಮ್ ಎನ್ನುವುದು. ಪೂರ್ವಕ್ಕೆ ಹೋಗುವ ವಿಮಾನವನ್ನು ಅದು ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೋಗುವುದನ್ನು ಎದುರಿನಿಂದ ತಡೆಯುತ್ತದೆ. ಇದಕ್ಕೆ ಒಳ್ಳೆಯ ನಿದರ್ಶನ 2016ರ ಅಕ್ಟೋಬರ್‌ನಲ್ಲಿ ಸಿಕ್ಕಿತು. ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ತಪ್ಪಿಸಿ ಪೆಸಿಫಿಕ್ ಸಾಗರದ ಮೇಲೆ ಕಳುಹಿಸಿತು. ಹಾರಿದ ದೂರ 13,900ರಿಂದ 15,300 ಕಿ.ಮೀ.ಗೆ ಏರಿತು, ಆದರೆ ಪ್ರಯಾಣ ಸುಮಾರು ಎರಡು ಗಂಟೆ ಬೇಗ ಮುಗಿದು ಹದಿನಾಲ್ಕೂವರೆ ಗಂಟೆಯಷ್ಟಾಯಿತು.

ಗಾಳಿಯ ಜೊತೆಗೆ ಆಕಾಶದ ಗಡಿಗಳೂ ಇವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ನಮ್ಮ ಸಂಸ್ಥೆಗಳ ಪಶ್ಚಿಮದ ದಾರಿಗಳು ಉದ್ದವಾದವು. ಅದೇ ವರ್ಷದ ಜೂನ್‌ನಲ್ಲಿ ಕತಾರ್ ಕೆಲವು ಗಂಟೆ ತನ್ನ ಆಕಾಶವನ್ನು ಮುಚ್ಚಿದಾಗ ದೋಹಾದ ಮೂಲಕ ಹೋಗುವವರು ಅಲ್ಲಲ್ಲಿ ಸಿಕ್ಕಿಕೊಂಡರು. ಆದ್ದರಿಂದ ಹಿಂದಿನ ವರ್ಷ ನೆರೆಮನೆಯವರು ಎಷ್ಟು ಗಂಟೆಯಲ್ಲಿ ತಲುಪಿದರು ಎಂಬುದನ್ನು ನೆಚ್ಚದೆ, ನಿಮ್ಮ ದಿನಾಂಕದ ವೇಳಾಪಟ್ಟಿಯಲ್ಲಿರುವ ಗಂಟೆಗಳನ್ನೇ ಓದಬೇಕು.

ಆ ಗಂಟೆಗಳನ್ನು ಓದುವುದರಲ್ಲೂ ಎಡವುವವರು ಬಹಳ. ಟಿಕೆಟಿನಲ್ಲಿ ಹೊರಡುವ ಹೊತ್ತು ನಮ್ಮ ಗಡಿಯಾರದ್ದು, ಇಳಿಯುವ ಹೊತ್ತು ಅಲ್ಲಿಯದು. ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ, ಉಳಿದ ತಿಂಗಳುಗಳಲ್ಲಿ ಹದಿಮೂರೂವರೆ ಗಂಟೆ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 6ಕ್ಕೆ ಇಳಿಯುವುದೆಂದು ಬರೆದಿದ್ದರೆ ಅದು ನಾಲ್ಕು ಗಂಟೆಯ ಪ್ರಯಾಣವಲ್ಲ. ನಾಲ್ಕಕ್ಕೆ ಹದಿಮೂರೂವರೆ ಸೇರಿಸಿ ಹದಿನೇಳೂವರೆ ಗಂಟೆ ಎಂದು ಓದಬೇಕು. ಹಿಂದಿರುಗುವಾಗ ಇದೇ ಅಂತರವನ್ನು ಕಳೆಯಬೇಕು.

ಮನೆಯಿಂದ ವಿಮಾನದವರೆಗೆ

ಮಂಡಕಳ್ಳಿಯ ನಮ್ಮ ವಿಮಾನ ನಿಲ್ದಾಣದ ರನ್‌ವೇ ಸುಮಾರು 1,740 ಮೀಟರ್ ಉದ್ದದ್ದು. ಎಟಿಆರ್‌ನಂತಹ ಸಣ್ಣ ವಿಮಾನಗಳಿಗೆ ಅದು ಸಾಕು, ದೊಡ್ಡ ವಿಮಾನಗಳಿಗೆ ಸಾಲದು. ಅಲ್ಲಿಂದ ಹೈದರಾಬಾದ್‌ಗೋ ಚೆನ್ನೈಗೋ ಹಾರಿ ಮುಂದೆ ಹೋಗಬಹುದಾದರೂ, ದಿನಕ್ಕೆ ಬೆರಳೆಣಿಕೆಯ ವಿಮಾನಗಳಿರುವ ಕಡೆ ಒಂದು ರದ್ದಾದರೆ ಮುಂದಿನದಕ್ಕೆ ಕಾಯುವ ಅವಕಾಶವಿರುವುದಿಲ್ಲ. ಎರಡೂ ಹಾರಾಟಗಳು ಒಂದೇ ಟಿಕೆಟಿನಲ್ಲಿ ಸಿಗದಿದ್ದರೆ ಈ ದಾರಿಯನ್ನು ನಾನು ಯಾರಿಗೂ ಸೂಚಿಸಲಾರೆ.

ಹೀಗಾಗಿ ಉಳಿಯುವುದು ಬೆಂಗಳೂರೇ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮೈಸೂರಿನಿಂದ ಕೆಂಗೇರಿಯ ಅಂಚಿನವರೆಗಿನ ದಾರಿ ಚಿಕ್ಕದಾಗಿದೆ ನಿಜ, ಆದರೆ ವಿಮಾನ ನಿಲ್ದಾಣವಿರುವುದು ಊರಿನ ಇನ್ನೊಂದು ತುದಿಯಲ್ಲಿ, ದೇವನಹಳ್ಳಿಯಲ್ಲಿ. ಒಟ್ಟು ಸುಮಾರು 185 ಕಿ.ಮೀ. ದಾರಿಗೆ ಕಾರಿನಲ್ಲಾಗಲಿ ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ಸಿನಲ್ಲಾಗಲಿ ನಾಲ್ಕು ಗಂಟೆ ಇಟ್ಟುಕೊಳ್ಳಬೇಕು, ಹೆಬ್ಬಾಳದ ದಟ್ಟಣೆಯ ಹೊತ್ತಾದರೆ ಇನ್ನೂ ಒಂದು. ಮಂಡ್ಯದವರಿಗೆ ಮುಕ್ಕಾಲು ಗಂಟೆಯಷ್ಟು ಉಳಿಯುತ್ತದೆ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಟರ್ಮಿನಲ್‌ನಲ್ಲಿರಬೇಕಾದ್ದರಿಂದ, ವಿಮಾನ ಏಳುವ ಹೊತ್ತಿಗೆ ಮೈಸೂರಿನವರು ಮನೆ ಬಿಟ್ಟು ಏಳೆಂಟು ಗಂಟೆ ಕಳೆದಿರುತ್ತದೆ. ಯುರೋಪಿನ ಕಡೆಯ ಹಲವು ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಅದಕ್ಕಾಗಿ ಸಂಜೆ ಮನೆ ಬಿಟ್ಟವರು ನಿದ್ದೆಗೆಟ್ಟ ರಾತ್ರಿಯಿಂದಲೇ ಪ್ರಯಾಣ ಆರಂಭಿಸಿದಂತಾಗುತ್ತದೆ. ಹಿರಿಯರು ಹೊರಡುವುದಾದರೆ ಬೆಳಗಿನ ತಿಂಡಿ ಮುಗಿಸಿ ಮನೆ ಬಿಟ್ಟು ಮಧ್ಯಾಹ್ನ ಇಲ್ಲವೇ ಸಂಜೆ ಹತ್ತಬಹುದಾದ ವಿಮಾನಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ನೇರ ವಿಮಾನ ಮತ್ತು ದೆಹಲಿಯ ದಾರಿ

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನವನ್ನು ಏರ್ ಇಂಡಿಯಾ 2021ರ ಜನವರಿಯಲ್ಲಿ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಮೊದಲ ಹಾರಾಟ ಉತ್ತರ ಧ್ರುವದ ಮೇಲಿಂದ ಬಂದು ಬೆಂಗಳೂರಿನಲ್ಲಿ ಇಳಿದದ್ದು ಅನೇಕರಿಗೆ ನೆನಪಿರಬಹುದು. ಒಮ್ಮೆ ಹತ್ತಿದರೆ ಇಳಿಯುವುದು ಗುರಿಯಲ್ಲೇ, ಲಗೇಜಿನ ಚಿಂತೆಯಿಲ್ಲ, ತಪ್ಪಿಹೋಗುವ ಎರಡನೆಯ ವಿಮಾನವೇ ಇಲ್ಲ. ಭಾಷೆಯ ಅಳುಕಿರುವ ಮೊದಲ ಬಾರಿಯ ಪ್ರಯಾಣಿಕರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇರಲಾರದು. ಇದರ ಬೆಲೆ ಎರಡು ಬಗೆಯದು: ಸಾಮಾನ್ಯವಾಗಿ ಹೆಚ್ಚಿನ ದರ, ಮತ್ತು ಹದಿನಾರರಿಂದ ಹದಿನೇಳೂವರೆ ಗಂಟೆಯ ಒಂದೇ ಕೂರು. ಇದಲ್ಲದೆ ಈ ಸೇವೆ ನಡುವೆ ನಿಂತು ಮತ್ತೆ ಆರಂಭವಾದದ್ದೂ ಉಂಟು, ವಾರದ ದಿನಗಳು ಬದಲಾದದ್ದೂ ಉಂಟು. ನಿಮ್ಮ ದಿನಾಂಕಕ್ಕೆ ಅದು ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು. ಅದನ್ನೇ ನೆಚ್ಚಿಕೊಂಡು ಯೋಜನೆ ಹಾಕಬಾರದು.

ಅದು ಇಲ್ಲದಾಗ ಅದರ ಗುಣಗಳಿಗೆ ಅತಿ ಹತ್ತಿರ ಬರುವುದು ದೆಹಲಿ. ಎರಡೂಮುಕ್ಕಾಲು ಗಂಟೆಯ ಮೊದಲ ಹಾರಾಟ, ಮೂರ್ನಾಲ್ಕು ಗಂಟೆಯ ಬಿಡುವು, ನಂತರ ಹದಿನೈದು ಹದಿನಾರು ಗಂಟೆಯ ಉದ್ದ ಹಾರಾಟ; ಎಲ್ಲ ಸೇರಿ ಇಪ್ಪತ್ತೆರಡು ಗಂಟೆಯ ಸುತ್ತಮುತ್ತ. ಇಮಿಗ್ರೇಷನ್ ದೆಹಲಿಯಲ್ಲೇ ಆಗುವುದರಿಂದ ಅಧಿಕಾರಿಗಳೊಡನೆ ಹಿಂದಿಯಲ್ಲಾದರೂ ಮಾತಾಡಬಹುದು, ಗೊಂದಲವಾದರೆ ನಮ್ಮ ದೇಶದಲ್ಲೇ ಇದ್ದೇವೆ ಎಂಬ ಧೈರ್ಯವಿರುತ್ತದೆ. ಆದರೆ ಎರಡು ತೊಡಕುಗಳನ್ನು ತಿಳಿದೇ ಈ ದಾರಿ ಹಿಡಿಯಬೇಕು. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜು ಬೆಳಗಿನ ವಿಮಾನಗಳನ್ನು ತಡಮಾಡಿಸುತ್ತದೆ, ಆಗ ಬಿಡುವು ಎರಡು ಗಂಟೆಯದಾದರೆ ಸಾಲದು. ಎರಡನೆಯದು ಹಿಂದಿರುಗುವಾಗಿನದು: ವಿದೇಶದಿಂದ ದೆಹಲಿಗೆ ಬಂದು ದೇಶದೊಳಗಿನ ವಿಮಾನ ಹತ್ತುವವರು ಸಾಮಾನ್ಯವಾಗಿ ಅಲ್ಲಿಯೇ ಲಗೇಜು ತೆಗೆದುಕೊಂಡು ಕಸ್ಟಮ್ಸ್ ದಾಟಿ ಮತ್ತೆ ಒಪ್ಪಿಸಬೇಕು. ಹದಿನೇಳು ಗಂಟೆ ಕುಳಿತು ಬಂದ ಮೇಲೆ ನಾಲ್ಕು ದೊಡ್ಡ ಪೆಟ್ಟಿಗೆಗಳನ್ನು ಬೆಲ್ಟಿನಿಂದ ಇಳಿಸುವುದು ಇಬ್ಬರು ವೃದ್ಧರಿಗೆ ಸಣ್ಣ ಕೆಲಸವಲ್ಲ. ಹೋಗುವಾಗ ದೆಹಲಿ, ಬರುವಾಗ ಬೇರೆ ದಾರಿ ಎಂದು ಆರಿಸಿಕೊಳ್ಳಲು ಸಾಧ್ಯವಾದರೆ ಅದನ್ನು ಪರಿಶೀಲಿಸುವುದು ಒಳ್ಳೆಯದು.

ಕೊಲ್ಲಿಯ ದಾರಿ

ದುಬೈ ಮೇಲೆ ಎಮಿರೇಟ್ಸ್, ದೋಹಾ ಮೇಲೆ ಕತಾರ್ ಏರ್‌ವೇಸ್ ಒಂದೇ ಬದಲಾವಣೆಯಲ್ಲಿ ತಲುಪಿಸುತ್ತವೆ. ಬೆಂಗಳೂರಿನಿಂದ ನಾಲ್ಕು ಗಂಟೆ, ಅಲ್ಲಿಂದ ಹದಿನಾರು. ಬಿಡುವು ಮೂರು ಗಂಟೆಯಾದರೆ ಒಟ್ಟು ಇಪ್ಪತ್ತಮೂರು. ಬೆಂಗಳೂರಿನಿಂದ ಅಲ್ಲಿಗೆ ವಿಮಾನಗಳು ಹೆಚ್ಚಿರುವುದರಿಂದ ದಿನದ ಬೇರೆ ಬೇರೆ ಹೊತ್ತುಗಳಲ್ಲಿ ಹೊರಡುವ ಆಯ್ಕೆ ಸಿಗುತ್ತದೆ, ಮೈಸೂರಿನವರಿಗೆ ಇದು ನಿಜವಾದ ಅನುಕೂಲ. ಲಗೇಜು ನೇರವಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ, ಬರುವಾಗ ನೇರವಾಗಿ ಬೆಂಗಳೂರಿಗೆ. ಕೊರತೆಯೆಂದರೆ ಸಣ್ಣ ಹಾರಾಟ ಮೊದಲು ಮುಗಿದು, ದಣಿವು ಸೇರಿದ ಮೇಲೆ ಹದಿನಾರು ಗಂಟೆಯ ಹಾರಾಟ ಎದುರಾಗುವುದು. ಬದಲಾವಣೆಯ ತೊಂದರೆಯನ್ನೂ ಪಟ್ಟು, ಉದ್ದ ಕೂರನ್ನೂ ತಪ್ಪಿಸಿಕೊಳ್ಳಲಾಗದ ದಾರಿ ಇದು. ಆದ್ದರಿಂದ ಆರೋಗ್ಯದ ತೊಂದರೆಯಿಲ್ಲದ, ದರ ನೋಡಿ ಹೋಗುವ ವಿದ್ಯಾರ್ಥಿಗಳಿಗೆ, ಎರಡನೆಯ ಮೂರನೆಯ ಬಾರಿ ಹೋಗುವವರಿಗೆ ಇದು ಒಪ್ಪುತ್ತದೆ.

ಯುರೋಪ್ ಮತ್ತು ಪೂರ್ವ

ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ, ಲಂಡನ್‌ಗೆ ಬ್ರಿಟಿಷ್ ಏರ್‌ವೇಸ್, ಪ್ಯಾರಿಸ್‌ಗೆ ಏರ್ ಫ್ರಾನ್ಸ್ ಬೆಂಗಳೂರಿನಿಂದ ಹೋಗುತ್ತವೆ. ದೂರದಲ್ಲಿ ಹಿಂದೆ ಬಿದ್ದ ಈ ದಾರಿಯ ಬಲವಿರುವುದು ಹಂಚಿಕೆಯಲ್ಲಿ: ಹತ್ತು ಹತ್ತೂವರೆ ಗಂಟೆ ಹಾರಿ, ಇಳಿದು ನಡೆದಾಡಿ, ಮತ್ತೆ ಹನ್ನೊಂದು ಹನ್ನೊಂದೂವರೆ ಗಂಟೆ. ನಾಲ್ಕು ಗಂಟೆ ಮೀರಿದ ಯಾವುದೇ ಪ್ರಯಾಣದಲ್ಲಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ, ಕದಲದೆ ಕುಳಿತಷ್ಟೂ ಅದು ಏರುತ್ತದೆ. ಹಿಂದೆ ಇಂತಹ ತೊಂದರೆಯಾದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಗರ್ಭಿಣಿಯರು ವೈದ್ಯರ ಸಲಹೆ ಪಡೆದು, ಹದಿನಾರು ಗಂಟೆಯ ಕೂರಿಗಿಂತ ಹೀಗೆ ಎರಡು ಸಮಭಾಗವಾದ ದಾರಿಯನ್ನು ಆರಿಸಿಕೊಳ್ಳುವುದು ವಿವೇಕ. ಅಮೆರಿಕದ ಚಾಲ್ತಿ ವೀಸಾ ಹಿಡಿದು ಅಮೆರಿಕಕ್ಕೆ ಹೋಗುವವರು ಈ ನಿಲ್ದಾಣಗಳ ಒಳಗೇ ವಿಮಾನ ಬದಲಿಸಲು ಸಾಮಾನ್ಯವಾಗಿ ಪ್ರತ್ಯೇಕ ಟ್ರಾನ್ಸಿಟ್ ವೀಸಾ ಪಡೆಯಬೇಕಿಲ್ಲ. ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ಮೊದಲು ವಿಮಾನ ಸಂಸ್ಥೆಯನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ನಮ್ಮ ಕಡೆಯವರು ಅಷ್ಟಾಗಿ ಯೋಚಿಸದ, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದ ದಾರಿ ಟೋಕಿಯೊದ್ದು. ಜಪಾನ್ ಏರ್‌ಲೈನ್ಸ್‌ನಲ್ಲಿ ನರಿಟಾಗೆ ಸುಮಾರು ಎಂಟು ಗಂಟೆ, ಅಲ್ಲಿಂದ ಗಾಳಿ ಬೆನ್ನಿಗಿರುವುದರಿಂದ ಒಂಬತ್ತೂವರೆ ಗಂಟೆಯಷ್ಟರಲ್ಲೇ ಸ್ಯಾನ್ ಫ್ರಾನ್ಸಿಸ್ಕೊ. ಹಾರಾಟದ ಒಟ್ಟು ಗಂಟೆಗಳು ನೇರ ವಿಮಾನಕ್ಕೆ ಸರಿಸಮನಾಗಿದ್ದು, ಅತಿ ಉದ್ದದ ಕೂರು ಹತ್ತು ಗಂಟೆಯನ್ನೂ ಮುಟ್ಟುವುದಿಲ್ಲ. ಇಲ್ಲಿ ನೋಡಬೇಕಾದದ್ದು ನಡುವಿನ ಬಿಡುವನ್ನು. ವಿಮಾನಗಳು ಕಡಿಮೆಯಿರುವುದರಿಂದ ಅದು ಕೆಲವು ದಿನ ನಾಲ್ಕು ಗಂಟೆ, ಕೆಲವು ದಿನ ಇನ್ನೂ ಉದ್ದವಾಗಬಹುದು. ಸಸ್ಯಾಹಾರಿಗಳು ಟಿಕೆಟಿನ ಜೊತೆಗೇ ಹಿಂದೂ ಅಥವಾ ಜೈನ ಸಸ್ಯಾಹಾರವನ್ನು ಮುಂಗಡವಾಗಿ ಹೇಳಿಡಬೇಕು, ನಿಲ್ದಾಣದಲ್ಲಿ ಹುಡುಕಿಕೊಳ್ಳುವುದು ಕಷ್ಟ. ಕ್ಯಾಥೆ ಪೆಸಿಫಿಕ್‌ನ ಹಾಂಗ್‌ಕಾಂಗ್ ದಾರಿ ಆರು ಮತ್ತು ಹನ್ನೆರಡು ಗಂಟೆಗಳ ನಡುವಿನ ಹೊಂದಾಣಿಕೆ. ಸಿಂಗಪುರದ ನಿಲ್ದಾಣ ಎಷ್ಟೇ ಚೆನ್ನಾಗಿದ್ದರೂ ಈ ಪ್ರಯಾಣಕ್ಕೆ ಅದು ದಕ್ಷಿಣಕ್ಕೆ ಇಳಿದು ಮತ್ತೆ ಏರುವ ದಾರಿ, ಎರಡನೆಯ ಹಾರಾಟವೇ ಹದಿನೈದು ಗಂಟೆ. ದರ ತೀರ ಕಡಿಮೆಯಿದ್ದರೆ ಮಾತ್ರ ನೋಡಬಹುದು.

ದರವನ್ನು ತೂಗುವ ಬಗೆ

ದರಗಳು ದಿನದಿನಕ್ಕೂ ಬದಲಾಗುವುದರಿಂದ ಇಂದಿನ ಅಂಕಿಗಳನ್ನು ಕೊಟ್ಟು ಪ್ರಯೋಜನವಿಲ್ಲ. ತೂಗುವ ಬಗೆಯನ್ನು ಹೇಳಬಹುದು. ಎರಡು ಟಿಕೆಟುಗಳ ದರದ ಅಂತರವನ್ನು ಉಳಿಯುವ ಗಂಟೆಗಳಿಂದ ಭಾಗಿಸಿ. ಒಂದು 30,000 ರೂಪಾಯಿ ಹೆಚ್ಚಿದ್ದು ಆರು ಗಂಟೆ ಉಳಿಸಿದರೆ ಗಂಟೆಗೆ 5,000 ಕೊಟ್ಟಂತೆ. ವಿದ್ಯಾರ್ಥಿಗೆ ಅದು ದುಬಾರಿ, ನಾಲ್ಕೇ ದಿನದ ಕೆಲಸಕ್ಕೆ ಹೋಗುವವರಿಗೆ ನ್ಯಾಯವಾದದ್ದು. ಹಿರಿಯರ ವಿಷಯದಲ್ಲಿ ಈ ಭಾಗಾಕಾರವನ್ನು ಬದಿಗಿಟ್ಟು, ಒಂದು ಬದಲಾವಣೆ ತಪ್ಪುವುದಕ್ಕೆ ಎಷ್ಟು ಕೊಡಲು ಸಿದ್ಧರಿದ್ದೇವೆ ಎಂದು ಮಕ್ಕಳು ಕೇಳಿಕೊಳ್ಳಬೇಕು. ಬೇಸಿಗೆ ರಜೆ ಮತ್ತು ಡಿಸೆಂಬರ್‌ನಲ್ಲಿ ಎಲ್ಲ ದಾರಿಗಳೂ ದುಬಾರಿ; ದಿನಾಂಕ ಒಂದೆರಡು ವಾರ ಸರಿಸಲು ಸಾಧ್ಯವಾದರೆ ದಾರಿ ಬದಲಿಸುವುದಕ್ಕಿಂತ ಹೆಚ್ಚು ಹಣ ಅದರಿಂದಲೇ ಉಳಿಯಬಹುದು.

ಕಡಿಮೆ ದರದ ಟಿಕೆಟುಗಳಲ್ಲಿ ಎರಡು ಬಗೆಯವನ್ನು ಬಿಟ್ಟುಬಿಡಿ. ಮೊದಲನೆಯದು, ಎರಡು ಬೇರೆ ಟಿಕೆಟುಗಳನ್ನು ಜೋಡಿಸಿ ಮಾರುವಂಥದ್ದು. ಒಂದೇ ಬುಕಿಂಗ್ ಸಂಖ್ಯೆಯಲ್ಲಿರುವ ಪ್ರಯಾಣದಲ್ಲಿ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕಳುಹಿಸುವ ಹೊಣೆ ಸಂಸ್ಥೆಯದು. ಬೇರೆ ಬೇರೆ ಟಿಕೆಟುಗಳಾದರೆ ಹೊಣೆಯೂ ಖರ್ಚೂ ನಿಮ್ಮದೇ. ಎರಡನೆಯದು, ನ್ಯೂಯಾರ್ಕ್ ಅಥವಾ ಶಿಕಾಗೊದಲ್ಲಿ ಇಳಿಸಿ ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಕಳುಹಿಸುವಂಥದ್ದು. ಅಮೆರಿಕದಲ್ಲಿ ಮೊದಲು ಕಾಲಿಟ್ಟ ನಿಲ್ದಾಣದಲ್ಲೇ ಇಮಿಗ್ರೇಷನ್ ಸಾಲಿನಲ್ಲಿ ನಿಂತು, ಸಾಮಾನ್ಯವಾಗಿ ಲಗೇಜು ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಕಾಯಲು ಮಕ್ಕಳು ಹೊರಗೆ ಬಂದಿರುವ ನಿಲ್ದಾಣದಲ್ಲೇ ಆ ಸಾಲು ಮುಗಿಯುವುದು ಎಷ್ಟೋ ಮೇಲು.

ಯಾವ ದಾರಿಯನ್ನೇ ಆರಿಸಿದರೂ ಅರವತ್ತು ದಾಟಿದವರಿಗೆ ಟಿಕೆಟ್ ಕೊಳ್ಳುವಾಗಲೇ ವೀಲ್‌ಚೇರ್ ನೆರವು ಕೇಳಿಡಿ. ಅದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ದರವಿಲ್ಲ, ಮತ್ತು ನಡೆಯಬಲ್ಲವರಿಗೂ ದೊಡ್ಡ ನಿಲ್ದಾಣಗಳಲ್ಲಿ ಅದರಿಂದ ದೂರವೂ ದಾರಿ ಕೇಳುವ ಕಷ್ಟವೂ ತಪ್ಪುತ್ತವೆ. ಅವರ ಬಿಡುವನ್ನು ಮೂರು ಗಂಟೆಗಿಂತ ಕಡಿಮೆ ಇಡಬೇಡಿ, ಆರು ಗಂಟೆ ಮೀರಲೂ ಬಿಡಬೇಡಿ. ಔಷಧಿಗಳು, ಇನ್ಸುಲಿನ್, ವೈದ್ಯರ ಚೀಟಿ ಕೈಚೀಲದಲ್ಲಿರಲಿ.

ಕೊನೆಯದಾಗಿ, ಹೋಗುವ ದಾರಿಯ ಗಂಟೆಗಳನ್ನು ನೋಡಿ ಬರುವ ದಾರಿಯನ್ನೂ ಹಾಗೆಯೇ ಇರಬಹುದೆಂದು ಊಹಿಸಬೇಡಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ಟೋಕಿಯೊಗೆ ಮರಳುವಾಗ ಗಾಳಿ ಎದುರಾಗಿ ಒಂಬತ್ತೂವರೆ ಗಂಟೆ ಹನ್ನೊಂದರ ಹತ್ತಿರ ಹೋಗುತ್ತದೆ. ಫ್ರಾಂಕ್‌ಫರ್ಟ್‌ಗೆ ಮರಳುವಾಗ ಗಾಳಿ ನೆರವಾಗಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಉಳಿಯುತ್ತದೆ. ಬೆಂಗಳೂರಿನಲ್ಲಿ ಇಳಿಯುವ ಹೊತ್ತು ನಡುರಾತ್ರಿಯಾಗಿದ್ದರೆ, ದಣಿದ ಪ್ರಯಾಣಿಕರನ್ನು ನಿದ್ದೆಗಣ್ಣಿನ ಚಾಲಕರೊಡನೆ ಎಕ್ಸ್‌ಪ್ರೆಸ್‌ವೇಗೆ ಇಳಿಸುವ ಬದಲು, ಆ ರಾತ್ರಿ ದೇವನಹಳ್ಳಿಯ ಸುತ್ತಮುತ್ತ ತಂಗಿ ಬೆಳಿಗ್ಗೆ ಮೈಸೂರಿಗೆ ಹೊರಡುವ ಖರ್ಚನ್ನೂ ಟಿಕೆಟಿನ ದರಕ್ಕೆ ಸೇರಿಸಿಕೊಂಡೇ ಹೋಲಿಸಿ ನೋಡಿ.